ಮೂಳೆಗೆ ಮುದ್ದೆ ಗೊತ್ತು, ಮಟನ್ ಗೊತ್ತಿಲ್ಲ

ಮಾರೇನಹಳ್ಳಿಯಲ್ಲಿ ನಾವು ಮೂರು ಜನ ಒಂದು ಬಾಡಿಗೆ ಮನೆಯಲ್ಲಿದ್ದೀವಿ. ಒಬ್ಬ ಮಂಡ್ಯದವನು, ಒಬ್ಬ ಶಿರಸಿಯವನು, ಒಬ್ಬ ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನವನು. ಭಾನುವಾರ ಬಂದರೆ ಮನೆಯಲ್ಲಿ ಎರಡು ಒಲೆ, ಎರಡು ಪಾತ್ರೆ. ಒಂದರಲ್ಲಿ ಮಟನ್ ಸಾರು, ಇನ್ನೊಂದರಲ್ಲಿ ತಂಬುಳಿ. ಜಗಳ ಇಲ್ಲ. ಪಾತ್ರೆ ತೊಳೆಯೋ ಸರದಿ ಯಾರದು ಅನ್ನೋದು ಬಿಟ್ಟರೆ ಊಟದ ವಿಷಯದಲ್ಲಿ ನಾವು ಯಾವತ್ತೂ ಕಿತ್ತಾಡಿರಲಿಲ್ಲ.

ಕಿತ್ತಾಡಿಸಿದ್ದು ಒಂದು ವಾಟ್ಸಾಪ್ ಫಾರ್ವರ್ಡ್. ಪ್ರಾಚೀನ ಮನುಷ್ಯರ ಮೂಳೆಗಳನ್ನ ಲ್ಯಾಬಿನಲ್ಲಿ ಟೆಸ್ಟ್ ಮಾಡಿದ್ದಾರೆ, ಅದರಲ್ಲಿರೋ ಲೋಹಗಳ ಪ್ರಕಾರ ನಮ್ಮ ಪೂರ್ವಜರೆಲ್ಲ ಶುದ್ಧ ಸಸ್ಯಾಹಾರಿಗಳು, ವಿಜ್ಞಾನವೇ ಪ್ರೂವ್ ಮಾಡಿದೆ, ಹತ್ತು ಜನಕ್ಕೆ ಕಳಿಸಿ ಅಂತ. ಎರಡೇ ದಿನಕ್ಕೆ ಇನ್ನೊಂದು ಗ್ರೂಪಿನಿಂದ ಅದರ ಉಲ್ಟಾ ಬಂತು: ಮೂಳೆ ಟೆಸ್ಟ್ ಮಾಡಿದ್ದಾರೆ, ಎಲ್ಲರೂ ಮಾಂಸಾಹಾರಿಗಳೇ, ಬೇಕಾದರೆ ಸೈನ್ಸ್ ಕೇಳಿ. ಎರಡರಲ್ಲೂ ಯಾವ ಊರಿನ ಮೂಳೆ, ಎಷ್ಟು ಮೂಳೆ, ಯಾವ ಲೋಹ, ಯಾರು ಅಳೆದರು, ಏನೂ ಇಲ್ಲ. ಆದರೂ ಅವತ್ತು ರಾತ್ರಿ ಹನ್ನೊಂದರವರೆಗೆ ನಾವು ಕೂಗಾಡಿದ್ವಿ. ಓನರ್ ಆಂಟಿ ಕೆಳಗಿನಿಂದ ಎರಡು ಸಲ ಬಾಗಿಲು ಬಡಿದರು.

ಆಮೇಲೆ ನಾಚಿಕೆ ಆಯ್ತು. ಇಂಜಿನಿಯರಿಂಗ್ ಎರಡನೇ ವರ್ಷ ಓದ್ತಾ ಇದ್ದೀವಿ, ಫಸ್ಟ್ ಇಯರ್ ಕೆಮಿಸ್ಟ್ರಿ ಸೈಕಲ್ ಮುಗಿಸಿದ್ದೀವಿ, ಒಂದು ರೀಡಿಂಗ್ ಹೇಗೆ ಬಂತು ಅಂತ ಕೇಳದೆ ಕಿತ್ತಾಡಿದ್ವಲ್ಲ ಅಂತ. ಹಾಗಾಗಿ ಒಂದು ತಿಂಗಳು ಇದರ ಬಗ್ಗೆ ಓದಿದ್ವಿ. ಓದಿದ್ದು ಪೂರ್ತಿ ಇಂಗ್ಲಿಷಿನಲ್ಲಿ, ಬರೀತಿರೋದು ಕನ್ನಡದಲ್ಲಿ. ಮೂವರೂ ಇಂಗ್ಲಿಷ್ ಮೀಡಿಯಂನವರು. ಭಾಷೆ ಎಡವಿದ್ದರೆ ಸೀನಿಯರ್‌ಗಳು ತಿದ್ದಲಿ. ವಾದ ಎಡವಿದ್ದರೆ ಎಲ್ಲರೂ ತಿದ್ದಿ.

ಮೊದಲು ಲೆಕ್ಕ ಹೇಗೆ ಕೆಲಸ ಮಾಡುತ್ತೆ ನೋಡೋಣ. ಮೂಳೆಯ ಗಟ್ಟಿ ಭಾಗ ಅಂದರೆ ಮುಖ್ಯವಾಗಿ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿದ ಖನಿಜ. ಪೀರಿಯಾಡಿಕ್ ಟೇಬಲ್ಲಿನಲ್ಲಿ ಕ್ಯಾಲ್ಸಿಯಂ ಕೆಳಗಿನ ಮನೆಯಲ್ಲಿ ಸ್ಟ್ರಾನ್ಷಿಯಂ ಇದೆ, ಅದರ ಕೆಳಗೆ ಬೇರಿಯಂ. ಒಂದೇ ಕುಟುಂಬದವರು, ಒಂದೇ ಗುಣ. ಹಾಗಾಗಿ ಕ್ಯಾಲ್ಸಿಯಂ ಕೂರಬೇಕಾದ ಸೀಟಿನಲ್ಲಿ ಆಗಾಗ ಸ್ಟ್ರಾನ್ಷಿಯಂ ಬಂದು ಕೂತುಬಿಡುತ್ತೆ. ಗಿಡಗಳು ಮಣ್ಣಿನಿಂದ ಎರಡನ್ನೂ ಹೀರಿಕೊಳ್ಳುತ್ತವೆ, ಹೆಚ್ಚು ಭೇದ ಮಾಡಲ್ಲ. ಪ್ರಾಣಿಗಳ ಕರುಳು ಮತ್ತು ಮೂತ್ರಪಿಂಡ ಭೇದ ಮಾಡುತ್ತವೆ: ಕ್ಯಾಲ್ಸಿಯಂ ಇಟ್ಟುಕೊಂಡು ಸ್ಟ್ರಾನ್ಷಿಯಂ ಅನ್ನು ಆಚೆ ಕಳಿಸುತ್ತವೆ. ಹುಲ್ಲಿನಲ್ಲಿರೋ ಅನುಪಾತಕ್ಕಿಂತ ಹಸುವಿನ ಮೂಳೆಯಲ್ಲಿ ಸ್ಟ್ರಾನ್ಷಿಯಂ ಕಡಿಮೆ, ಅದನ್ನ ತಿನ್ನೋ ಹುಲಿಯ ಮೂಳೆಯಲ್ಲಿ ಇನ್ನೂ ಕಡಿಮೆ. ಹಾಗಾದರೆ ಮನುಷ್ಯನ ಮೂಳೆ ಅಳೆದು, ಅವನು ಹಸುವಿನ ಹತ್ತಿರ ಇದ್ದಾನಾ ಹುಲಿಯ ಹತ್ತಿರ ಇದ್ದಾನಾ ಅಂತ ನೋಡಿದರೆ ಆಯ್ತಲ್ಲ? 1960 ಮತ್ತು 70ರ ದಶಕದಲ್ಲಿ ಸಂಶೋಧಕರಿಗೆ ಹೊಳೆದದ್ದು ಇದೇ. ಆಮೇಲೆ ಸತು, ತಾಮ್ರ, ಬೇರಿಯಂ ಎಲ್ಲವನ್ನೂ ಅಳೆಯೋಕೆ ಶುರು ಮಾಡಿದರು.

ಅಳೆಯೋ ಯಂತ್ರ ನಮಗೆ ಹೊಸದಲ್ಲ. ಲ್ಯಾಬಿನಲ್ಲಿ ಸೋಡಿಯಂ ನೋಡೋಕೆ ಫ್ಲೇಮ್ ಫೋಟೋಮೀಟರ್ ಬಳಸಿದ್ದೀವಲ್ಲ, ಅದರ ದೊಡ್ಡಣ್ಣ ಅಟಾಮಿಕ್ ಅಬ್ಸಾರ್ಪ್ಶನ್ ಸ್ಪೆಕ್ಟ್ರೋಮೀಟರ್. ಮೂಳೆಯ ಪುಡಿಯನ್ನ ಆಸಿಡ್‌ನಲ್ಲಿ ಕರಗಿಸಿ ಜ್ವಾಲೆಗೆ ಊದೋದು, ಆ ಲೋಹದ್ದೇ ತರಂಗಾಂತರದ ಬೆಳಕು ಹಾಯಿಸೋದು, ಎಷ್ಟು ಬೆಳಕು ಹೀರಿತು ನೋಡೋದು. ಈಗ ಆರ್ಗಾನ್ ಪ್ಲಾಸ್ಮಾದಲ್ಲಿ ಅಯಾನು ಮಾಡಿ ತೂಕದ ಪ್ರಕಾರ ಎಣಿಸೋ ಐಸಿಪಿ-ಎಂಎಸ್ ಬಂದಿದೆ. ಶತಕೋಟಿಯಲ್ಲಿ ಒಂದು ಪಾಲು ಇದ್ದರೂ ಹಿಡಿಯುತ್ತೆ.

ನಮ್ಮಲ್ಲಿ ಮೂಳೆಗೂ ಬರ ಇಲ್ಲ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ಮಾಡಿದರು. ಬಳ್ಳಾರಿ ಸೀಮೆಯ ತೆಕ್ಕಲಕೋಟೆಯಲ್ಲಿ 1963-64ರಲ್ಲಿ ಎಂ. ಎಸ್. ನಾಗರಾಜ ರಾವ್ ಅಗೆದರು, ಅಲ್ಲಿ ಸಿಕ್ಕ ಅಸ್ಥಿಪಂಜರಗಳನ್ನ ಕೆ. ಸಿ. ಮಲ್ಹೋತ್ರ ಅಧ್ಯಯನ ಮಾಡಿದರು. ಮೈಸೂರಿನ ಹತ್ತಿರದ ಟಿ. ನರಸೀಪುರದಲ್ಲಿ ಮೈಸೂರು ವಿಶ್ವವಿದ್ಯಾಲಯದ ಎಂ. ಶೇಷಾದ್ರಿ ಅವರಿಗೆ ನವಶಿಲಾಯುಗದ ಸಮಾಧಿಗಳು ಸಿಕ್ಕವು. ಪಕ್ಕದ ಮಹಾರಾಷ್ಟ್ರದ ಇನಾಮ್‌ಗಾಂವ್‌ನ ಮೂಳೆಗಳಲ್ಲಿ ಸ್ಟ್ರಾನ್ಷಿಯಂ ಮುಂತಾದ ಲೋಹಗಳನ್ನ ಪುಣೆಯ ಡೆಕ್ಕನ್ ಕಾಲೇಜಿನವರು ಅಳೆದಿದ್ದಾರೆ. ಅಂದರೆ ಇದು ಎಲ್ಲೋ ಫಾರಿನ್ನಿನ ವಿಷಯ ಅಲ್ಲ.

ಈಗ ಸಮಸ್ಯೆಗೆ ಬರೋಣ. ಒಂದಲ್ಲ, ಎರಡಿವೆ.

ಮೊದಲನೆಯದು ಮಣ್ಣು. ಸತ್ತ ಮೇಲೆ ಮೂಳೆ ಸುಮ್ಮನೆ ಮಲಗಿರಲ್ಲ. ಮೂರು ನಾಲ್ಕು ಸಾವಿರ ವರ್ಷ ಮಳೆನೀರು ಅದರೊಳಗೆ ಇಳಿದು ಹತ್ತುತ್ತಾ ಇರುತ್ತೆ. ಮೂಳೆ ಅಂದರೆ ಸ್ಪಂಜಿನ ಹಾಗೆ ತೂತು ತೂತು. ಮಣ್ಣಿನ ಕಬ್ಬಿಣ, ಮ್ಯಾಂಗನೀಸ್, ಬೇರಿಯಂ, ಸ್ಟ್ರಾನ್ಷಿಯಂ ಒಳಗೆ ಬರುತ್ತೆ, ಒಳಗಿದ್ದದ್ದು ಕೆಲವು ಹೊರಗೆ ಹೋಗುತ್ತೆ. ಸತ್ತವರ ಕೈಯಲ್ಲಿ ತಾಮ್ರದ ಬಳೆ ಇದ್ದರೆ ಮುಂಗೈ ಮೂಳೆ ಹಸಿರಾಗಿರುತ್ತೆ. ಅದನ್ನ ಅಳೆದು ಈ ಮನುಷ್ಯ ತಾಮ್ರ ತಿಂತಿದ್ದ ಅನ್ನೋಕಾಗುತ್ತಾ? ಹಾಗಾಗಿ ಮೂಳೆಯ ರೀಡಿಂಗ್ ಜೊತೆ ಬೇರೆ ರೀಡಿಂಗ್‌ಗಳೂ ಬೇಕು. ಸುತ್ತಲಿನ ಮಣ್ಣಿನದು. ಅದೇ ಗುಂಡಿಯಲ್ಲಿ ಸಿಕ್ಕ ಹಸು, ಕುರಿ, ನಾಯಿ ಮೂಳೆಗಳದು. ಅದೇ ಮೂಳೆಯ ಹೊರಪದರ ಒಂದು, ಒಳಪದರ ಒಂದು. ಸಾಧ್ಯವಾದರೆ ಹಲ್ಲಿನ ಎನಾಮೆಲ್‌ನದು, ಯಾಕಂದರೆ ಅದು ಮೂಳೆಗಿಂತ ಗಟ್ಟಿ, ಮಣ್ಣು ಸುಲಭವಾಗಿ ಒಳಗೆ ಹೋಗಲ್ಲ. ಹುಲ್ಲು ತಿನ್ನೋ ಪ್ರಾಣಿಗೂ ಮಾಂಸ ತಿನ್ನೋ ಪ್ರಾಣಿಗೂ ವ್ಯತ್ಯಾಸವೇ ಕಾಣದಿದ್ದರೆ, ಮಣ್ಣು ಎಲ್ಲವನ್ನೂ ಒಂದೇ ಮಾಡಿಬಿಟ್ಟಿದೆ ಅಂತ ಅರ್ಥ. ಆಗ ಆ ಊರಿನ ಮನುಷ್ಯರ ಬಗ್ಗೆ ಬಾಯಿ ಮುಚ್ಚಿಕೊಂಡಿರಬೇಕು.

ಎರಡನೆಯ ಸಮಸ್ಯೆ ನಮಗೆ ಇನ್ನೂ ಮಜಾ ಕೊಟ್ಟಿತು. ಮಣ್ಣೇ ಸೇರಿಲ್ಲ, ಮೂಳೆ ಫ್ರೆಶ್ ಆಗಿದೆ ಅಂತ ಇಟ್ಟುಕೊಳ್ಳೋಣ. ಆಗಲೂ ಸ್ಟ್ರಾನ್ಷಿಯಂ ಬರೋದು ಕ್ಯಾಲ್ಸಿಯಂ ಬರೋ ದಾರಿಯಲ್ಲಿ. ಊಟದಲ್ಲಿ ಯಾವ ಪದಾರ್ಥ ಹೆಚ್ಚು ಕ್ಯಾಲ್ಸಿಯಂ ಕೊಡುತ್ತೋ ಮೂಳೆ ಅದರ ಅನುಪಾತವನ್ನೇ ಬರೆದುಕೊಳ್ಳುತ್ತೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ. ಮೂಳೆ ಬಿಟ್ಟು ಬರೀ ಮಾಂಸದಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ. ಹಾಲಿನಲ್ಲಿ ಕ್ಯಾಲ್ಸಿಯಂ ಬೇಕಾದಷ್ಟಿದೆ, ಆದರೆ ಹಸು ಆಗಲೇ ತನ್ನ ಮೈಯಲ್ಲಿ ಸೋಸಿರೋದರಿಂದ ಸ್ಟ್ರಾನ್ಷಿಯಂ ತೀರಾ ಕಮ್ಮಿ.

ಈಗ ನಮ್ಮ ಮನೆಯ ಲೆಕ್ಕ ಹಾಕಿ. ಮಂಡ್ಯದವನು ದಿನಾ ಮುದ್ದೆ, ಸೊಪ್ಪಿನ ಸಾರು, ಅವಕಾಶ ಸಿಕ್ಕಾಗೆಲ್ಲ ಮಟನ್. ಅವನ ಕ್ಯಾಲ್ಸಿಯಂ ಬರೋದು ಮುದ್ದೆ ಮತ್ತು ಸೊಪ್ಪಿನಿಂದ. ಮೂಳೆ ಅಳೆದರೆ ಅವನು ಹಸುವಿನ ಪಕ್ಕ ಕೂರ್ತಾನೆ, ಸಸ್ಯಾಹಾರಿ! ಶಿರಸಿಯವನು ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟಿಲ್ಲ. ಅನ್ನ, ಮೊಸರು, ಮಜ್ಜಿಗೆ, ಹಾಲು. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಕ್ಯಾಲ್ಸಿಯಂ ಅಷ್ಟಕ್ಕಷ್ಟೇ, ಅವನ ಕ್ಯಾಲ್ಸಿಯಂ ಪೂರ್ತಿ ಹಾಲಿನದು. ಅವನ ಅನುಪಾತ ಕೆಳಗೆ ಹೋಗಿ ಹುಲಿಯ ಕಡೆ ವಾಲುತ್ತೆ. ನಾಲ್ಕು ಸಾವಿರ ವರ್ಷ ಆದಮೇಲೆ ಯಾರಾದರೂ ಮಾರೇನಹಳ್ಳಿ ಅಗೆದು ಇವರಿಬ್ಬರ ಮೂಳೆ ಟೆಸ್ಟ್ ಮಾಡಿ ಫಾರ್ವರ್ಡ್ ಕಳಿಸಿದರೆ ಏನಾಗುತ್ತೆ ನೀವೇ ಯೋಚಿಸಿ. ಇದನ್ನ ಕೇಳಿದ ದಿನದಿಂದ ಶಿರಸಿಯವನನ್ನ ನಾವು ಹುಲಿ ಅಂತಲೇ ಕರೆಯೋದು.

ಹಾಗಂತ ವಿಧಾನವೇ ವೇಸ್ಟ್ ಅಲ್ಲ. ಒಂದೇ ಊರಿನ, ಒಂದೇ ಕಾಲದ ಜನರೊಳಗೆ ಯಾರ ಊಟ ಬೇರೆ ಇತ್ತು ಅನ್ನೋ ಸುಳಿವು, ಮಣ್ಣಿನ ಲೆಕ್ಕ ಸರಿ ಮಾಡಿದರೆ, ಸಿಗಬಹುದು. ಸ್ಟ್ರಾನ್ಷಿಯಂನ ಐಸೋಟೋಪ್‌ಗಳು ಇನ್ನೂ ಒಳ್ಳೆ ಕೆಲಸ ಮಾಡುತ್ತವೆ: ಊಟ ಏನು ಅಂತ ಅಲ್ಲ, ಚಿಕ್ಕವರಿದ್ದಾಗ ಯಾವ ಥರದ ಕಲ್ಲಿನ ಮೇಲೆ ಬೆಳೆದರು ಅಂತ ಹೇಳುತ್ತವೆ. ಹರಪ್ಪಾದ ಸ್ಮಶಾನದ ಹಲ್ಲುಗಳನ್ನ ಹೀಗೆ ನೋಡಿದಾಗ ಅಲ್ಲಿ ಹೂಳಿದ್ದ ಹಲವರು ಬೇರೆ ಕಡೆಯಿಂದ ಬಂದವರು ಅಂತ ಗೊತ್ತಾಯ್ತು. ಕರ್ನಾಟಕಕ್ಕೆ ಇದು ಹೇಳಿ ಮಾಡಿಸಿದ ವಿಧಾನ. ಲಾಲ್‌ಬಾಗ್ ಬಂಡೆಯಂಥ ನಮ್ಮ ಕಲ್ಲು ಸುಮಾರು 300 ಕೋಟಿ ವರ್ಷದ್ದು, ಉತ್ತರದ ವಿಜಯಪುರದ ಕಪ್ಪು ಬಸಾಲ್ಟ್ ಸುಮಾರು ಆರೂವರೆ ಕೋಟಿ ವರ್ಷದ್ದು. ಎರಡರ ಸಹಿ ಬೇರೆ ಬೇರೆ. ಅಲ್ಲಿ ಬೆಳೆದು ಇಲ್ಲಿ ಸತ್ತವರನ್ನ ಹಲ್ಲು ಹಿಡಿದುಕೊಡುತ್ತೆ.

ಇನ್ನೊಂದು ಮಾತು. ಪೂರ್ವಜರು ಏನು ತಿಂದರು ಅಂತ ತಿಳಿಯೋಕೆ ಲೋಹವೇ ಬೇಕಾಗಿಲ್ಲ, ಅವರ ಕಸ ಸಾಕು. ಬೂದಿದಿಬ್ಬಗಳ ಬಗ್ಗೆ ಕೇಳಿರಬಹುದು. ನವಶಿಲಾಯುಗದ ದನಗಾಹಿಗಳು ದೊಡ್ಡಿಯಲ್ಲಿ ಗುಡ್ಡೆ ಹಾಕಿದ ಸಗಣಿ ಸುಟ್ಟು ಆದ ದಿಬ್ಬಗಳು. ಬೂದಿಹಾಳದಲ್ಲಿ ಕೆ. ಪದ್ದಯ್ಯ ಅಗೆದಾಗ ದನದ ದೊಡ್ಡಿ ಸಿಕ್ಕಿತು, ಪ್ರಾಣಿಗಳನ್ನ ಕಡಿದು ಮಾಂಸ ಮಾಡ್ತಿದ್ದ ಜಾಗವೂ ಸಿಕ್ಕಿತು. ಆ ಕಾಲದ ಊರುಗಳ ಮಣ್ಣನ್ನ ನೀರಿನಲ್ಲಿ ತೇಲಿಸಿ ಸುಟ್ಟ ಕಾಳುಗಳನ್ನ ಆರಿಸಿದಾಗ ಕೊರಲೆ, ಹುರುಳಿ, ಹೆಸರು ಸಿಕ್ಕವು. ಅಂದರೆ ಹುರುಳಿ ಸಾರೂ ಇತ್ತು, ಬಾಡೂ ಇತ್ತು. ನಮ್ಮ ಮನೆಯ ಭಾನುವಾರದ ಎರಡು ಪಾತ್ರೆಯ ಹಾಗೆ. ಎರಡು ಫಾರ್ವರ್ಡ್‌ಗಳೂ ಸುಳ್ಳು.

ಬೂದಿಹಾಳ ಇರೋದು ಸುರಪುರ ತಾಲ್ಲೂಕಿನಲ್ಲಿ. ನಮ್ಮ ಮೂರನೆಯವನ ತಾಲ್ಲೂಕು. ಅವನು ಅದರ ಹೆಸರೇ ಕೇಳಿರಲಿಲ್ಲ. ಸ್ಕೂಲಿನಲ್ಲಿ ಈಜಿಪ್ಟಿನ ಪಿರಮಿಡ್ ಬಗ್ಗೆ ಪ್ರಾಜೆಕ್ಟ್ ಮಾಡಿದ್ದನಂತೆ. ಅವನನ್ನ ನೋಡಿ ನಗೋ ಯೋಗ್ಯತೆ ನಮಗೂ ಇರಲಿಲ್ಲ, ಮಂಡ್ಯದವನು ಟಿ. ನರಸೀಪುರಕ್ಕೆ ಹತ್ತು ಸಲ ಹೋಗಿದ್ದಾನೆ, ಸಮಾಧಿಯ ವಿಷಯ ಗೊತ್ತಿರಲಿಲ್ಲ.

ನಾವಿಬ್ಬರು ಹುಲಿ, ಹಸು ಅಂತ ನಗಾಡ್ತಿದ್ದಾಗ ಅವನು ಮಾತ್ರ ನಗಲಿಲ್ಲ. 2021ರ ಡಿಸೆಂಬರ್‌ನಲ್ಲಿ ಯಾದಗಿರಿ ಸೇರಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ, ವಿಜಯಪುರದಲ್ಲಿ ಸರ್ಕಾರಿ ಶಾಲೆ ಮಕ್ಕಳಿಗೆ ಬಿಸಿಯೂಟದ ಜೊತೆ ಮೊಟ್ಟೆ ಕೊಡೋಕೆ ಶುರು ಮಾಡಿದ್ದರು. ಆಗ ನಡೆದ ಗಲಾಟೆ ನೆನಪಿರಬೇಕು. ನಮ್ಮ ಸಂಸ್ಕೃತಿ ಯಾವುದು, ನಮ್ಮ ಹಿರಿಯರು ಏನು ತಿಂತಿದ್ದರು ಅಂತ ಎರಡೂ ಕಡೆಯವರು ಚರ್ಚೆ ಮಾಡಿದ್ದೇ ಮಾಡಿದ್ದು. ಅವನ ತಂಗಿ ಆಗ ಆ ಶಾಲೆಯಲ್ಲಿದ್ದಳು. ಅವನು ಹೇಳಿದ್ದು ಇಷ್ಟು: "ನಮ್ ತಂಗಿ ಮೊಟ್ಟಿ ತಿನ್ನಾಕ ನಾಲ್ಕ್ ಸಾವಿರ ವರ್ಷದ್ ಹೆಣದ್ ಪರ್ಮಿಷನ್ ಯಾಕ್ ಬೇಕಲೇ?"

ಇದಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಈ ಲೇಖನ ಬರೆಯೋಕೆ ಕಾರಣವೇ ಆ ಪ್ರಶ್ನೆ. ಮಗುವಿಗೆ ಮೊಟ್ಟೆ ಬೇಕಾ ಬೇಡವಾ ಅನ್ನೋದನ್ನ ಹೇಳಬೇಕಾದ್ದು ಆ ಮಗುವಿನ ತೂಕ, ಎತ್ತರ, ರಕ್ತದ ಹಿಮೋಗ್ಲೋಬಿನ್, ಮತ್ತೆ ಅದಕ್ಕೆ ತಿನ್ನೋ ಇಷ್ಟ ಇದೆಯಾ ಅನ್ನೋದು. ಬೇಡ ಅಂದ ಮಗುವಿಗೆ ಬಾಳೆಹಣ್ಣು ಕೊಡಿ. ನವಶಿಲಾಯುಗದವರು ಏನು ತಿಂದಿದ್ದರೂ ಈ ಲೆಕ್ಕ ಬದಲಾಗಲ್ಲ. ಇದ್ದವರ ತಟ್ಟೆಯ ಜಗಳ ತೀರಿಸೋಕೆ ಸತ್ತವರನ್ನ ಸಾಕ್ಷಿಗೆ ಎಳೆದು ತರೋದು ಸೈನ್ಸ್ ಅಲ್ಲ, ಸೋಮಾರಿತನ.

ಮೂಳೆಯ ಲೋಹ ನಿಜವಾಗಿ ಗಟ್ಟಿಯಾಗಿ ಮಾತಾಡಿದ್ದು ಬೇರೆ ವಿಷಯದಲ್ಲಿ: ಸೀಸ. ಕ್ಲೇರ್ ಪ್ಯಾಟರ್ಸನ್ ಅಂತ ಅಮೆರಿಕದ ವಿಜ್ಞಾನಿ. ಭೂಮಿಯ ವಯಸ್ಸು ಸುಮಾರು 455 ಕೋಟಿ ವರ್ಷ ಅಂತ 1956ರಲ್ಲಿ ಪ್ರಕಟಿಸಿದವರು. ಅದಕ್ಕೆ ಉಲ್ಕೆಯಲ್ಲಿರೋ ಸೀಸ ಅಳೀಬೇಕಿತ್ತು, ಆದರೆ ರೀಡಿಂಗ್ ಯಾವಾಗಲೂ ಜಾಸ್ತಿ ಬರ್ತಿತ್ತು. ಧೂಳು, ಪಾತ್ರೆ, ಬಟ್ಟೆ, ಕೂದಲು, ಎಲ್ಲದರಲ್ಲೂ ಸೀಸ. ವರ್ಷಗಟ್ಟಲೆ ಲ್ಯಾಬ್ ತೊಳೆದು ತೊಳೆದು ಕೊನೆಗೆ ಕೇಳಿದರು: ಇಷ್ಟೊಂದು ಸೀಸ ಬರ್ತಿರೋದು ಎಲ್ಲಿಂದ? ಪೆಟ್ರೋಲಿನಿಂದ. 1979ರಲ್ಲಿ ಅವರೂ ಜೊತೆಗಾರರೂ ಪೆರು ದೇಶದ ಪ್ರಾಚೀನ ಮೂಳೆಗಳನ್ನ ಅಳೆದರು. ಇವತ್ತಿನವರ ಮೂಳೆಯಲ್ಲಿ ಅವರಿಗಿಂತ ನೂರಾರು ಪಟ್ಟು ಹೆಚ್ಚು ಸೀಸ ಇತ್ತು. ನಾವು ನಾರ್ಮಲ್ ಅಂದುಕೊಂಡಿದ್ದು ನಾರ್ಮಲ್ಲೇ ಅಲ್ಲ ಅಂತ ಹೇಳಿದ್ದು ಆ ಹಳೇ ಮೂಳೆ. ಪ್ರಾಚೀನ ಮೂಳೆಯನ್ನ ಹೀಗೆ ಬಳಸಬೇಕು. ಅವರು ನಮ್ಮ ಪಾರ್ಟಿಯವರಾ ಅಂತ ಕೇಳೋಕಲ್ಲ, ನಮಗೆ ಏನಾಗಿದೆ ಅಂತ ತಿಳಿಯೋಕೆ.

ಬೆಂಗಳೂರಿಗೂ ಇದು ಗೊತ್ತು. 1990ರ ದಶಕದ ಕೊನೆಯಲ್ಲಿ ಇಲ್ಲಿನ ಜಾರ್ಜ್ ಫೌಂಡೇಶನ್ ದೇಶದ ದೊಡ್ಡ ನಗರಗಳ ಮಕ್ಕಳ ರಕ್ತ ಪರೀಕ್ಷೆ ಮಾಡಿಸಿದಾಗ ಸುಮಾರು ಅರ್ಧದಷ್ಟು ಮಕ್ಕಳಲ್ಲಿ ಸೀಸ ಡೆಸಿಲೀಟರ್‌ಗೆ 10 ಮೈಕ್ರೋಗ್ರಾಂ ದಾಟಿತ್ತು. 2000ದಲ್ಲಿ ದೇಶದಲ್ಲಿ ಸೀಸದ ಪೆಟ್ರೋಲ್ ನಿಂತಿತು. ನಾವು ಹುಟ್ಟಿದ್ದು ಆಮೇಲೆ, ಬಚಾವ್. ಆದರೆ ನಮ್ಮ ಅಪ್ಪ ಅಮ್ಮ, ಓನರ್ ಆಂಟಿ ಬೆಳೆದದ್ದು ಅದಕ್ಕೆ ಮುಂಚೆ. ದೊಡ್ಡವರ ದೇಹದ ಸೀಸದಲ್ಲಿ 90%ಕ್ಕಿಂತ ಹೆಚ್ಚು ಇರೋದು ಮೂಳೆಯಲ್ಲಿ, ಅಲ್ಲಿ ದಶಕಗಟ್ಟಲೆ ಉಳಿಯುತ್ತೆ. ವಯಸ್ಸಾಗಿ ಮೂಳೆ ಸವೆದಾಗ, ಬಸಿರಾದಾಗ, ಮತ್ತೆ ರಕ್ತಕ್ಕೆ ಇಳಿಯುತ್ತೆ. ಹಳೇ ಸಾಲ ಇದ್ದ ಹಾಗೆ.

ಹೊಸ ಸಾಲವೂ ಆಗ್ತಾ ಇದೆ. ನಮ್ಮ ಮನೆಯಿಂದ ಮಾಗಡಿ ರೋಡ್ ದಾಟಿದರೆ ಕಾಮಾಕ್ಷಿಪಾಳ್ಯ, ಪ್ಲೇಟಿಂಗ್ ಮಾಡೋ ಸಣ್ಣ ಸಣ್ಣ ವರ್ಕ್‌ಶಾಪ್‌ಗಳು. ನಿಕ್ಕಲ್, ಕ್ರೋಮಿಯಂ ಅಂದರೆ ಅಲ್ಲಿ ದಿನದ ಕೆಲಸ. ಕೈಗವಸು ಇಲ್ಲದೆ ಕೆಲಸ ಮಾಡೋ ನಮ್ಮ ವಯಸ್ಸಿನ ಹುಡುಗರನ್ನ ನಾವೇ ನೋಡಿದ್ದೀವಿ. ಮೆಟ್ರೋದಲ್ಲಿ ವಿಜಯನಗರದಿಂದ ಕೆಂಗೇರಿ ಕಡೆ ಹೋದರೆ ವೃಷಭಾವತಿ ಕಾಣುತ್ತೆ, ಹೊಳೆ ಅಂತ ಹೇಳಿದರೆ ಮಾತ್ರ ಗೊತ್ತಾಗೋ ಹಾಗೆ. ಅದು ಮುಂದೆ ಬೈರಮಂಗಲ ಕೆರೆಗೆ ಹೋಗುತ್ತೆ, ಆ ನೀರಲ್ಲಿ ಬೆಳೆ ಬೆಳೀತಾರೆ. ಸುರಪುರ ತಾಲ್ಲೂಕಿಗೇ ಮತ್ತೆ ಹೋದರೆ, ಬೂದಿಹಾಳ ಇರೋ ಅದೇ ತಾಲ್ಲೂಕಿನಲ್ಲಿ, ಕಿರದಳ್ಳಿ ತಾಂಡಾ ಅಂತ ಒಂದು ಊರು. ಹತ್ತಿರದ ಚಿನ್ನದ ಅದಿರಿನ ಕಲ್ಲಿನಲ್ಲಿ ಆರ್ಸೆನಿಕ್ ಇದೆ, ಅದು ಕುಡಿಯೋ ನೀರಿಗೆ ಇಳಿದು ಜನರ ಚರ್ಮದ ಮೇಲೆ ಕಲೆ, ಗಂಟು ಎದ್ದಿದ್ದನ್ನ 2013ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಅವರ ಕೂದಲು, ಉಗುರು ಅಳೆದಿದ್ದರು. ಸತ್ತ ಮೇಲೆ ಅಗೆಯೋವರೆಗೆ ಕಾಯಬೇಕಿಲ್ಲ.

ಕೊನೆಗೆ ನಮ್ಮದೇ ತಪ್ಪು ಒಪ್ಪಿಕೊಳ್ಳಬೇಕು. ಕಲರಿಮೆಟ್ರಿಯಲ್ಲಿ ತಾಮ್ರ ಅಳೆಯೋ ಎಕ್ಸ್‌ಪೆರಿಮೆಂಟ್ ಎಲ್ಲರೂ ಮಾಡಿದ್ದೀವಿ. ಮೊದಲು ಬ್ಲ್ಯಾಂಕ್ ಇಟ್ಟು ಸೊನ್ನೆ ಮಾಡಬೇಕು, 620 ನ್ಯಾನೋಮೀಟರ್‌ನಲ್ಲಿ ರೀಡಿಂಗ್ ತಗೋಬೇಕು, ಗ್ರಾಫ್ ಹಾಕಬೇಕು. ನಾವು ಮಾಡಿದ್ದೇನು? ಸೀನಿಯರ್ ರೆಕಾರ್ಡ್ ಇಟ್ಟುಕೊಂಡು ಗ್ರಾಫಿನಲ್ಲಿ ಗೆರೆ ಮೊದಲು ಎಳೆದು, ಚುಕ್ಕಿ ಆಮೇಲೆ ಇಟ್ಟವರು ನಾವು. ಬ್ಲ್ಯಾಂಕ್ ಇಡೋದನ್ನ ಮರೆತು "ಬ್ಲ್ಯಾಂಕ್ = 0" ಅಂತ ಬರೆದವರು. ಮಾರ್ಕ್ಸ್ ಪೂರ್ತಿ ಬಂತು. ಫಾರ್ವರ್ಡ್ ಮಾಡಿದವನು ಮಾಡಿದ್ದೂ ಅದನ್ನೇ: ಉತ್ತರ ಮೊದಲು, ಮೂಳೆ ಆಮೇಲೆ. ಅವನನ್ನ ಬೈಯೋ ಮೊದಲು ನಮ್ಮ ರೆಕಾರ್ಡ್ ಪುಸ್ತಕ ತೆಗೆದು ನೋಡಿಕೊಂಡ್ವಿ. ಪ್ಯಾಟರ್ಸನ್ ಕೂಡ ಬ್ಲ್ಯಾಂಕ್ ಸೊನ್ನೆ ಅಂತ ಬರೆದು ಕೈತೊಳೆದುಕೊಂಡಿದ್ದರೆ ಪೆಟ್ರೋಲಿನ ಸೀಸ ಇನ್ನೆಷ್ಟು ವರ್ಷ ಉಳಿದಿರುತ್ತಿತ್ತೋ.

ಹಾಗಾಗಿ ನಮ್ಮ ಅಭಿಪ್ರಾಯ ಇಷ್ಟು. ಒಂದು, ಮೂಳೆ ಪ್ರೂವ್ ಮಾಡಿದೆ ಅಂತ ಯಾರು ಕಳಿಸಿದರೂ, ಅದು ನಮಗೆ ಇಷ್ಟವಾದ ಉತ್ತರವೇ ಆಗಿದ್ದರೂ, ಕೇಳಬೇಕು: ಯಾವ ಊರು, ಮಣ್ಣಿನ ರೀಡಿಂಗ್ ಎಲ್ಲಿ, ಪ್ರಾಣಿ ಮೂಳೆಯ ರೀಡಿಂಗ್ ಎಲ್ಲಿ? ಎರಡು, ನಮ್ಮ ನಾಡಿನ ಹಳೇ ಮೂಳೆಗಳನ್ನ ಅಳೆಯಬೇಕು, ಆದರೆ ಆತುರ ಬೇಡ. ಅಳೆಯೋಕೆ ಮೂಳೆಯ ಒಂದು ತುಂಡನ್ನ ಕರಗಿಸಲೇಬೇಕು, ಕರಗಿಸಿದ್ದು ವಾಪಸ್ ಬರಲ್ಲ. ಅದು ಯಾರದೋ ಅಜ್ಜಿಯ ಮೈ. ಸರಿಯಾದ ಪ್ರಶ್ನೆ ಕೈಯಲ್ಲಿದ್ದಾಗ ಮಾತ್ರ ಮುಟ್ಟಬೇಕು. ಮೂರು, ಬದುಕಿರೋರಿಗೆ ಮೊದಲ ಸರದಿ. ಮುಂದಿನ ವರ್ಷದ ಮಿನಿ ಪ್ರಾಜೆಕ್ಟ್‌ಗೆ ನಾವು ಮೂವರು ವಿಷಯ ಬರೆದುಕೊಟ್ಟಿದ್ದೀವಿ: ಕಾಮಾಕ್ಷಿಪಾಳ್ಯದಿಂದ ಕೆಂಗೇರಿವರೆಗೆ ಹತ್ತು ಕಡೆ ನೀರು, ಮಣ್ಣು ತಂದು ಲೋಹ ಅಳೆಯೋದು. ಹಳೇ ಟಾಪಿಕ್ಕೇ ತಗೊಳ್ರೋ, ರೆಡಿ ರಿಪೋರ್ಟ್ ಸಿಗುತ್ತೆ ಅಂತ ಬುದ್ಧಿ ಹೇಳಿದವರಿದ್ದಾರೆ. ರೆಡಿ ರಿಪೋರ್ಟ್ ಬೇಡ ಅಂದಿದ್ದೀವಿ.

ಈ ಸಲ ಬ್ಲ್ಯಾಂಕ್ ಇಡ್ತೀವಿ. ಚುಕ್ಕಿ ಎಲ್ಲಿ ಬೀಳುತ್ತೋ ಅಲ್ಲೇ ಬೀಳಲಿ, ಗೆರೆ ಸೊಟ್ಟಗಾದರೆ ಸೊಟ್ಟಗೇ ಬರೀತೀವಿ. ಸ್ಯಾಂಪಲ್ ಬಾಟಲ್ ಹೊರೋಕೆ ಇನ್ನಿಬ್ಬರು ಬೇಕು, ಯಾವ ಬ್ರಾಂಚ್ ಆದರೂ ಪರವಾಗಿಲ್ಲ. ಭಾನುವಾರ ಬಂದರೆ ಮಾರೇನಹಳ್ಳಿಯಲ್ಲಿ ಊಟ ನಮ್ಮದು. ಪಾತ್ರೆ ಎರಡಿವೆ, ನಿಮಗೆ ಬೇಕಾದ್ದರಲ್ಲಿ ಬಡಿಸಿಕೊಳ್ಳಿ.